ಸಣ್ಣ ಪಟ್ಟಣದ ಸುರಕ್ಷತೆಗೆ ಸ್ಥಳೀಯ ಮಾರಾಟ ತೆರಿಗೆ: ಶಿಕಾರಿಪುರ, ಸೊರಬದ ನೆಲೆಯಿಂದ

ಊರಿನಲ್ಲಿ ನಡೆಯುವ ಮಾರಾಟದ ಮೇಲೆ ಊರಿನ ಆಡಳಿತವೇ ತೆರಿಗೆ ಹಾಕಿ, ಬಂದ ಹಣವನ್ನು ಪೊಲೀಸು, ಅಗ್ನಿಶಾಮಕ ಮತ್ತು ತುರ್ತು ಸೇವೆಗಳಿಗೆಂದೇ ತೆಗೆದಿಡುವ ಪದ್ಧತಿ ಅಮೆರಿಕದ ಹಲವು ರಾಜ್ಯಗಳ ಸಣ್ಣ ನಗರಗಳಲ್ಲಿ ಮಾಮೂಲು. ಕರ್ನಾಟಕದಲ್ಲಿ ಅಂಥ ತೆರಿಗೆ ಇಲ್ಲ. ಸಂವಿಧಾನ ಇಂದು ಇರುವ ರೂಪದಲ್ಲಿ ಅದನ್ನು ಹಾಕಲು ಪುರಸಭೆಗೆ ದಾರಿಯೂ ಇಲ್ಲ. ಹಾಗೆಂದು ಪ್ರಶ್ನೆ ಇಲ್ಲಿಗೆ ಸಂಬಂಧಪಡದ್ದಲ್ಲ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ಅಕ್ಕಪಕ್ಕದ ತಾಲ್ಲೂಕು ಕೇಂದ್ರಗಳು. 2001ರ ಜನಗಣತಿಯಲ್ಲಿ ಮೊದಲನೆಯದಕ್ಕೆ ಮೂವತ್ತೊಂದು ಸಾವಿರಕ್ಕೆ ಮೇಲ್ಪಟ್ಟ ಜನ, ಎರಡನೆಯದಕ್ಕೆ ಏಳೂವರೆ ಸಾವಿರದ ಆಸುಪಾಸು. ಊರಿನ ಜನಸಂಖ್ಯೆ ಇಷ್ಟೇ ಆದರೂ ಇಡೀ ತಾಲ್ಲೂಕು ಬಂದು ಕೊಳ್ಳುವುದು, ಮಾರುವುದು, ಆಸ್ಪತ್ರೆಗೆ ಬರುವುದು, ಬಸ್ಸು ಹಿಡಿಯುವುದು ಅಲ್ಲೇ. ವ್ಯಾಪಾರ ಪಟ್ಟಣದ್ದು, ಅಪಾಯವೂ ಪಟ್ಟಣದ್ದು, ತೆರಿಗೆ ಮಾತ್ರ ಪಟ್ಟಣದ್ದಲ್ಲ. ವ್ಯಾಪಾರದ ತೆರಿಗೆಯಲ್ಲಿ ಒಂದು ಪಾಲು ಇಂಥ ಊರುಗಳ ಸುರಕ್ಷತೆಗೆ ಕಾನೂನಿನ ಹಕ್ಕಾಗಿ ಬರಬೇಕು, ಆದರೆ ಅದನ್ನು ಊರೇ ವಸೂಲಿ ಮಾಡಬಾರದು ಎಂಬುದು ಈ ಲೇಖನದ ವಾದ. ಎರಡೂ ಮಾತಿಗೆ ಬೇಕಾದ ಸಾಕ್ಷ್ಯ ಈ ಸೀಮೆಯ ಚರಿತ್ರೆಯಲ್ಲೇ ಸಿಗುತ್ತದೆ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರ ನಾಡಿನ ದೊಡ್ಡ ವ್ಯಾಪಾರದ ಊರು. ಅಲ್ಲಿನ ಹನ್ನೊಂದು, ಹನ್ನೆರಡನೆಯ ಶತಮಾನದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಪ್ರಸ್ತಾಪ ಬರುತ್ತದೆ. ಸುಂಕದ ಅಧಿಕಾರಿಗಳು ತಮ್ಮ ವಸೂಲಿಯಲ್ಲಿ ಇಷ್ಟು ಭಾಗವೆಂದು ದೇವಾಲಯಕ್ಕೆ, ಮಠಕ್ಕೆ ಬಿಟ್ಟುಕೊಟ್ಟ ದಾಖಲೆಗಳಿವೆ. ಅಂದರೆ ವ್ಯಾಪಾರದ ಮೇಲಿನ ಸುಂಕ ಮತ್ತು ಅದರಲ್ಲೊಂದು ಪಾಲನ್ನು ಗೊತ್ತಾದ ಕೆಲಸಕ್ಕೆ ಕಟ್ಟಿಡುವ ರೂಢಿ ಎರಡೂ ಇಲ್ಲಿ ಹಳೆಯವು. ಸುರಕ್ಷತೆಯ ಖರ್ಚು ಮಾತ್ರ ಬೇರೆ ಬಾಬ್ತಿನಿಂದ ಬರುತ್ತಿತ್ತು. ಶಿಕಾರಿಪುರ, ಸೊರಬ ತಾಲ್ಲೂಕುಗಳ ಊರೂರಿನಲ್ಲಿ ನಿಂತಿರುವ ವೀರಗಲ್ಲುಗಳು ತುರು ಹಿಡಿದವರೊಡನೆ, ಊರಿಗೆ ನುಗ್ಗಿದವರೊಡನೆ ಹೋರಾಡಿ ಸತ್ತವರವು. ಸತ್ತವನ ಮನೆಯವರಿಗೆ ಸಿಗುತ್ತಿದ್ದುದು ನೆತ್ತರುಗೊಡಗೆಯ ಭೂಮಿ. ಸುಂಕ ದೇವರಿಗೆ, ಭೂಮಿ ಕಾವಲಿಗೆ ಎಂಬ ಈ ವಿಂಗಡಣೆಗೆ ಅರ್ಥವಿದೆ. ಸಂತೆಯ ಆದಾಯ ಏರುತ್ತದೆ, ಇಳಿಯುತ್ತದೆ. ಕಾವಲಿನ ಅಗತ್ಯ ಹಾಗೆ ಏರಿಳಿಯುವುದಿಲ್ಲ. ಇದಕ್ಕೆ ಅಪವಾದ ವಿಜಯನಗರ. 1443ರಲ್ಲಿ ಅಲ್ಲಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ನಗರದ ಹನ್ನೆರಡು ಸಾವಿರ ಕಾವಲುಗಾರರ ದಿನದ ಸಂಬಳವಾದ ಹನ್ನೆರಡು ಸಾವಿರ ಪಣ ವೇಶ್ಯಾವಾಟಿಕೆಗಳ ತೆರಿಗೆಯಿಂದ ಬರುತ್ತಿತ್ತೆಂದು ಬರೆದಿದ್ದಾನೆ. ವ್ಯವಹಾರದ ಮೇಲಿನ ತೆರಿಗೆಯಿಂದ ಪೊಲೀಸರನ್ನು ಸಾಕಿದ್ದಕ್ಕೆ ಕನ್ನಡ ನಾಡಿನಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಅದು ಸಾಮ್ರಾಜ್ಯದ ರಾಜಧಾನಿಯಲ್ಲಿ ಸಾಧ್ಯವಾದದ್ದು ಎಂಬುದನ್ನೂ ಮರೆಯುವಂತಿಲ್ಲ.

ಬ್ರಿಟಿಷ್ ಆಡಳಿತದಲ್ಲಿ ಭಾರತದ ಹಲವು ಪಟ್ಟಣಗಳ ಪುರಸಭೆಗಳೇ ಪೊಲೀಸ್ ಖರ್ಚು ಹೊರುತ್ತಿದ್ದವು. ವೈಸರಾಯ್ ರಿಪನ್‌ರ 1882ರ ನಿರ್ಣಯ ಆ ಹೊರೆಯನ್ನು ಇಳಿಸಿ, ಬದಲಿಗೆ ಶಿಕ್ಷಣ, ಆರೋಗ್ಯದಂಥ ಕೆಲಸಗಳನ್ನು ವಹಿಸಬೇಕೆಂದಿತು. ಅಲ್ಲಿಂದಾಚೆಗೆ ಪೊಲೀಸು ಸರ್ಕಾರದ್ದು, ಚರಂಡಿ ಪುರಸಭೆಯದ್ದು ಎಂಬ ಗೆರೆ ಗಟ್ಟಿಯಾಯಿತು. ಸಂವಿಧಾನವೂ ಪೊಲೀಸನ್ನು ರಾಜ್ಯಪಟ್ಟಿಯ ಎರಡನೆಯ ಬಾಬ್ತಾಗಿ ಉಳಿಸಿಕೊಂಡಿತು. ಆ ಗೆರೆ ಜನರ ಮನಸ್ಸಿನಲ್ಲಿ ಏನು ಮಾಡಿತೆಂಬುದಕ್ಕೆ ಶಿಕಾರಿಪುರ ತಾಲ್ಲೂಕಿನ ಈಸೂರು ಸಾಕ್ಷಿ. 1942ರಲ್ಲಿ ಈಸೂರಿನವರು ಕಂದಾಯ ಕೊಡುವುದಿಲ್ಲವೆಂದು ಸಾರಿ, ತಮ್ಮದೇ ಸರ್ಕಾರ ಘೋಷಿಸಿಕೊಂಡರು; ಘರ್ಷಣೆಯಲ್ಲಿ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಸತ್ತರು, 1943ರ ಮಾರ್ಚ್‌ನಲ್ಲಿ ಐವರು ಗಲ್ಲಿಗೇರಿದರು. ಅಮಲ್ದಾರ ತೆರಿಗೆಯ ಮುಖ, ಸಬ್ ಇನ್ಸ್‌ಪೆಕ್ಟರ್ ರಕ್ಷಣೆಯ ಮುಖ. ಇಬ್ಬರೂ ಹೊರಗಿನಿಂದ ಬಂದವರು, ಒಬ್ಬನ ವಸೂಲಿಗೂ ಇನ್ನೊಬ್ಬನ ಸೇವೆಗೂ ಊರಿನ ಕಣ್ಣಿಗೆ ಕಾಣುವ ಸಂಬಂಧವಿರಲಿಲ್ಲ.

ಪುರಸಭೆಗಳ ಕೈಯಲ್ಲಿ ಉಳಿದಿದ್ದ ವ್ಯಾಪಾರದ ತೆರಿಗೆಯೆಂದರೆ ಆಕ್ಟ್ರಾಯ್. ಊರಿನೊಳಗೆ ಬರುವ ಸರಕಿನ ಮೇಲೆ, ಊರ ಬಾಗಿಲಿನ ಸುಂಕದಕಟ್ಟೆಯಲ್ಲೇ ಅದರ ವಸೂಲಿ. ಗಾಡಿ ನಿಲ್ಲಿಸಬೇಕು, ಮೂಟೆ ಬಿಚ್ಚಬೇಕು, ಬೆಲೆ ಕಟ್ಟಿಸಬೇಕು, ರಸೀದಿ ಬರೆಸಬೇಕು. ಇವುಗಳ ನಡುವೆ ಕೈ ಬೆಚ್ಚಗೆ ಮಾಡುವುದೂ ಇತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ವರ್ತಕರ ಒತ್ತಾಯ ಬೆಳೆದು, ದೇವರಾಜ ಅರಸು ಸರ್ಕಾರದ ಕಾಲದಲ್ಲಿ, 1979ರ ಏಪ್ರಿಲ್ 1ರಿಂದ ಕರ್ನಾಟಕ ಆಕ್ಟ್ರಾಯ್ ಕೈಬಿಟ್ಟಿತು. ಅದರ ಜಾಗಕ್ಕೆ ರಾಜ್ಯವೇ ವಸೂಲಿ ಮಾಡುವ ಪ್ರವೇಶ ತೆರಿಗೆ ಬಂತು. ಪುರಸಭೆಗಳಿಗೆ ನಷ್ಟಪರಿಹಾರ ಎಂದು ಹಣ ಕೊಡುವ ಏರ್ಪಾಡಾಯಿತು. ಕಾಲಕ್ರಮದಲ್ಲಿ ಆ ಪರಿಹಾರ ಸಾಮಾನ್ಯ ಅನುದಾನದೊಳಗೆ ಕರಗಿಹೋಯಿತು. ಪರಿಹಾರವಾಗಿದ್ದಾಗ ಅದನ್ನು ಕೇಳಿ ಪಡೆಯಬಹುದಿತ್ತು. ಅನುದಾನವಾದ ಮೇಲೆ ಕೊಟ್ಟಷ್ಟಕ್ಕೆ ಕೈಮುಗಿಯುವುದಷ್ಟೇ ಉಳಿಯಿತು.

ಮಹಾರಾಷ್ಟ್ರದ ದಾರಿ ಬೇರೆ. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿರುವ ಸೊಲ್ಲಾಪುರವೂ ಸೇರಿ ಅಲ್ಲಿನ ಮಹಾನಗರಪಾಲಿಕೆಗಳು ಆಕ್ಟ್ರಾಯ್ ಅನ್ನು ಬಹುಕಾಲ ಇಟ್ಟುಕೊಂಡಿದ್ದವು. 2010ರ ನಂತರ ಹಂತಹಂತವಾಗಿ ಹಲವು ಊರುಗಳಲ್ಲಿ ಅದರ ಬದಲಿಗೆ ಎಲ್‌ಬಿಟಿ, ಅಂದರೆ ಸ್ಥಳೀಯ ಸಂಸ್ಥೆ ತೆರಿಗೆ ಬಂತು. ನಾಕಾ ಇಲ್ಲದೆ, ವರ್ತಕರ ಲೆಕ್ಕಪುಸ್ತಕದ ಮೇಲೆ ವಸೂಲಾಗುವ ಅದು ಸ್ಥಳೀಯ ಮಾರಾಟ ತೆರಿಗೆಗೆ ಭಾರತ ಕಂಡ ಅತಿ ಸಮೀಪದ ರೂಪ. ವರ್ತಕರು ಅಂಗಡಿ ಮುಚ್ಚಿ ಬೀದಿಗಿಳಿದರು. 2015ರ ಆಗಸ್ಟ್‌ನಿಂದ ವಾರ್ಷಿಕ ವಹಿವಾಟು 50 ಕೋಟಿ ರೂಪಾಯಿಗಿಂತ ಕಡಿಮೆ ಇರುವವರಿಗೆ ತೆರಿಗೆ ರದ್ದಾಯಿತು. ಮುಂಬೈ ಮಾತ್ರ 2017ರ ಜುಲೈ 1ರಂದು ಜಿಎಸ್‌ಟಿ ಬರುವವರೆಗೂ ಆಕ್ಟ್ರಾಯ್ ಬಿಡಲಿಲ್ಲ. ಮುಖ್ಯವಾದದ್ದು ಮುಂದಿನ ಸಂಗತಿ. ಜಿಎಸ್‌ಟಿ ಬಂದಾಗ ಮಹಾರಾಷ್ಟ್ರ ತನ್ನ ಸ್ಥಳೀಯ ಸಂಸ್ಥೆಗಳಿಗೆ ಪರಿಹಾರ ಕೊಡಲು ಪ್ರತ್ಯೇಕ ಕಾಯ್ದೆಯನ್ನೇ ಮಾಡಿ, ವರ್ಷಕ್ಕೆ ಶೇ 8ರ ಏರಿಕೆಯನ್ನೂ ಬರೆದಿಟ್ಟಿತು. 2017ರವರೆಗೆ ತೆರಿಗೆ ಇಟ್ಟುಕೊಂಡವರಿಗೆ ಕಾಯ್ದೆಯ ಹಕ್ಕು ದಕ್ಕಿತು. ಮೂವತ್ತೆಂಟು ವರ್ಷ ಮೊದಲೇ ಸುಂಕದಕಟ್ಟೆ ಕೆಡವಿದ ಕರ್ನಾಟಕದ ಪುರಸಭೆಗಳಿಗೆ ಆ ದಿನ ತೋರಿಸಲು ಲೆಕ್ಕವೇ ಇರಲಿಲ್ಲ. ಒಳ್ಳೆಯ ಸುಧಾರಣೆಯನ್ನು ಮೊದಲು ಮಾಡಿದವರಿಗೆ ಹೀಗೆ ದಂಡ ಬಿದ್ದದ್ದನ್ನು ಯಾರೂ ಹೆಚ್ಚು ಗಮನಿಸಿದಂತಿಲ್ಲ.

ಜಿಎಸ್‌ಟಿಗೆ ದಾರಿ ಮಾಡಿದ 2016ರ ಸಂವಿಧಾನದ 101ನೆಯ ತಿದ್ದುಪಡಿ ರಾಜ್ಯಪಟ್ಟಿಯಿಂದ ಪ್ರವೇಶ ತೆರಿಗೆಯ 52ನೆಯ ಬಾಬ್ತನ್ನೂ, ಜಾಹೀರಾತು ತೆರಿಗೆಯ 55ನೆಯ ಬಾಬ್ತನ್ನೂ ತೆಗೆದುಹಾಕಿತು. ಮಾರಾಟ ತೆರಿಗೆಯ 54ನೆಯ ಬಾಬ್ತಿನಲ್ಲಿ ಪೆಟ್ರೋಲು, ಡೀಸೆಲ್, ಮದ್ಯದಂಥ ಕೆಲವಷ್ಟೇ ಉಳಿದವು, ಅವೂ ರಾಜ್ಯಕ್ಕೆ. ಪಂಚಾಯಿತಿ, ಪುರಸಭೆಗಳ ಹೆಸರೆತ್ತಿ ಉಳಿಸಿದ್ದು 62ನೆಯ ಬಾಬ್ತಿನ ಮನರಂಜನಾ ತೆರಿಗೆ ಒಂದನ್ನೇ. ಮೊಬೈಲಿನಲ್ಲಿ ಸಿನಿಮಾ ನೋಡುವ ಕಾಲದಲ್ಲಿ ಸೊರಬದಂಥ ಊರಿಗೆ ಅದರಿಂದ ಎಷ್ಟು ಹುಟ್ಟೀತೆಂದು ಊಹಿಸಲು ಅರ್ಥಶಾಸ್ತ್ರ ಬೇಕಿಲ್ಲ. ಇಷ್ಟಾದರೂ ಮಾರಾಟದ ಮೇಲೆ ಊರೇ ಎತ್ತುವ ಎರಡು ಹಣ ಇನ್ನೂ ಇವೆ. ಒಂದು ಸಂತೆ ಸುಂಕ. ಪುರಸಭೆ ವರ್ಷಕ್ಕೊಮ್ಮೆ ಅದನ್ನು ಹರಾಜು ಹಾಕುತ್ತದೆ. ಗುತ್ತಿಗೆ ಹಿಡಿದವನ ಕಡೆಯ ಹುಡುಗ ಸಂತೆಯ ದಿನ ರಸೀದಿ ಪುಸ್ತಕ ಹಿಡಿದು ಸೊಪ್ಪಿನ ಕಟ್ಟು, ಮೆಣಸಿನಕಾಯಿ ರಾಶಿ, ಪ್ಲಾಸ್ಟಿಕ್ ಕೊಡದ ಸಾಲುಗಳ ನಡುವೆ ನಡೆಯುತ್ತಾ, ನೆಲಕ್ಕೆ ಹಾಸಿದ ಚೀಲದ ಅಳತೆ ನೋಡಿ ದುಡ್ಡು ಕೇಳುತ್ತಾನೆ. ಮಾರಾಟ ಎಷ್ಟಾಯಿತೆಂಬುದು ಅವನಿಗೆ ಬೇಕಿಲ್ಲ. ಹೀಗಾಗಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂತು ನಾಲ್ಕು ಕಟ್ಟು ಉಳಿಸಿಕೊಂಡವಳೂ, ಮಧ್ಯಾಹ್ನಕ್ಕೇ ಖಾಲಿ ಮಾಡಿದವನೂ ಒಂದೇ ಸುಂಕ ತೆರುತ್ತಾರೆ. ಬಡವರ ಮೇಲೆ ಬೀಳುವ ಈ ಹಣಕ್ಕೆ ಸುರಕ್ಷತೆಯ ಹೆಸರಿಟ್ಟು ದರ ಏರಿಸುವುದು ಅನ್ಯಾಯವೇ ಸರಿ.

ಇನ್ನೊಂದು ಎಪಿಎಂಸಿ ಸೆಸ್. 1966ರ ಕಾಯ್ದೆಯಡಿ ಮಾರುಕಟ್ಟೆ ಸಮಿತಿ ತನ್ನ ಪ್ರಾಂಗಣದಲ್ಲಿ ಮಾರಾಟವಾದ ಉತ್ಪನ್ನದ ಬೆಲೆಯ ಮೇಲೆ ಶೇಕಡಾವಾರು ಶುಲ್ಕ ಪಡೆದು, ಅದೇ ಮಾರುಕಟ್ಟೆಗೆ ಖರ್ಚು ಮಾಡುತ್ತದೆ. ಹೆಸರು ಏನೇ ಇರಲಿ, ಸ್ಥಳೀಯ ಮಾರಾಟ ತೆರಿಗೆಯ ಲಕ್ಷಣಗಳೆಲ್ಲ ಇದಕ್ಕಿವೆ. ಅಡಿಕೆ, ಭತ್ತ, ಮೆಕ್ಕೆಜೋಳದ ಸೀಮೆಯಾದ ಶಿಕಾರಿಪುರ, ಸೊರಬಕ್ಕೆ ಇದಕ್ಕಿಂತ ಹತ್ತಿರದ ಪ್ರಯೋಗ ಬೇರೆ ಬೇಡ. 2020ರಲ್ಲಿ ರಾಜ್ಯ ಕಾಯ್ದೆಗೆ ತಿದ್ದುಪಡಿ ತಂದು, ಪ್ರಾಂಗಣದ ಹೊರಗೆ ಸೆಸ್ ಇಲ್ಲದೆ ವ್ಯಾಪಾರ ಮಾಡಲು ಬಿಟ್ಟಿತು. ಒಳಗಿನ ಶೇ 1.5ರ ಶುಲ್ಕವನ್ನು ಅರ್ಧಕ್ಕಿಂತ ಕೆಳಗಿಳಿಸಿತು. ವ್ಯಾಪಾರ ಕಾಂಪೌಂಡು ದಾಟಿತು, ರಾಜ್ಯದಾದ್ಯಂತ ಸಮಿತಿಗಳ ವರಮಾನ ಕುಸಿಯಿತು, ಮುಂದಿನ ಸರ್ಕಾರ ಆ ತಿದ್ದುಪಡಿಯನ್ನು ಹಿಂಪಡೆಯುವ ಮಸೂದೆ ತಂದಿತು. ಕಾಂಪೌಂಡಿನ ಈಚೆಗೊಂದು ದರ, ಆಚೆಗೊಂದು ದರ ಇದ್ದರೆ ಸರಕು ಎತ್ತ ಹರಿಯುತ್ತದೆಂದು ಹೇಳಲು ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ. ಶಿಕಾರಿಪುರ ಪುರಸಭೆ ಶೇ ಅರ್ಧದಷ್ಟು ಸುರಕ್ಷತಾ ತೆರಿಗೆ ಹಾಕಿತೆಂದುಕೊಳ್ಳೋಣ. ಫ್ರಿಜ್ಜು, ಸಿಮೆಂಟು, ಒಡವೆ ಕೊಳ್ಳುವವರು ಶಿವಮೊಗ್ಗಕ್ಕೋ ಸಾಗರಕ್ಕೋ ಹೋಗುತ್ತಾರೆ. ದಿನಸಿ, ಔಷಧಿ ಕೊಳ್ಳುವವರು ಊರಲ್ಲೇ ಉಳಿದು ತೆರಿಗೆ ಕಟ್ಟುತ್ತಾರೆ. ಅಡಿಕೆಯಲ್ಲಿ ಬಿಲ್ಲಿಲ್ಲದ ವ್ಯಾಪಾರ ಈಗಲೇ ಇಲಾಖೆಗೆ ತಲೆನೋವು; ಇನ್ನೊಂದು ತೆರಿಗೆ ಅದಕ್ಕೆ ಇನ್ನಷ್ಟು ಕುಮ್ಮಕ್ಕಾದೀತು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡಿನ ಫಲಕಗಳೇ ಮಾಯವಾದದ್ದನ್ನು ರಾಜ್ಯ ನೋಡಿದೆ.

ಈಗ ಸುರಕ್ಷತೆಯ ಹಣ ಎಲ್ಲಿಂದ ಬರುತ್ತಿದೆ? 1992ರ 74ನೆಯ ತಿದ್ದುಪಡಿಯ ಹನ್ನೆರಡನೆಯ ಅನುಸೂಚಿ ಪುರಸಭೆಗಳಿಗೆ ಸೂಚಿಸಿದ 18 ಕೆಲಸಗಳಲ್ಲಿ ಅಗ್ನಿಶಾಮಕ ಸೇವೆಯೂ ಒಂದು. ಕರ್ನಾಟಕ ಹದಿನೇಳನ್ನು ಒಪ್ಪಿಸಿ, ಆ ಒಂದನ್ನು ತನ್ನಲ್ಲೇ ಇಟ್ಟುಕೊಂಡಿತು. ಆದ್ದರಿಂದ ತಾಲ್ಲೂಕು ಕೇಂದ್ರದ ಅಗ್ನಿಶಾಮಕ ಠಾಣೆ, ಪೊಲೀಸ್ ಠಾಣೆ, 2008ರಲ್ಲಿ ಬಂದ 108 ಆಂಬುಲೆನ್ಸ್ ಎಲ್ಲವೂ ರಾಜ್ಯದವು. ಬೀದಿದೀಪ, ರಸ್ತೆ ಗುಂಡಿ, ಬೀದಿನಾಯಿ, ಕಟ್ಟಡ ಪರವಾನಗಿ, ಬೆಂಕಿ ಆರಿಸಲು ಬೇಕಾದ ನೀರು ಪುರಸಭೆಯವು. ಬೆಂಕಿ ಈ ವಿಂಗಡಣೆಯನ್ನು ಗೌರವಿಸುವುದಿಲ್ಲ. ಬೇಸಿಗೆಯಲ್ಲಿ ಮಲೆನಾಡಿನ ಠಾಣೆಯ ವಾಹನ ಹೆಚ್ಚಾಗಿ ಓಡುವುದು ಹುಲ್ಲಿನ ಬಣವೆಗೆ, ಒಣಗಿದ ತೋಟಕ್ಕೆ, ಮೇಲಿನ ವಿದ್ಯುತ್ ತಂತಿ ತಗುಲಿ ಹೊತ್ತಿಕೊಂಡ ಹುಲ್ಲಿನ ಲಾರಿಗೆ. ಇದು ಗೊತ್ತಿದ್ದೂ 2023ರಲ್ಲಿ ಅಗ್ನಿಶಾಮಕ ದಳ ಕಾಯ್ದೆಗೆ ತಿದ್ದುಪಡಿ ತಂದಾಗ ಶೇ 1ರ ಅಗ್ನಿ ಸೆಸ್ ಬಿದ್ದದ್ದು ಬಹುಮಹಡಿ ಕಟ್ಟಡಗಳ ಆಸ್ತಿ ತೆರಿಗೆಯ ಮೇಲೆ. ಬೆಂಗಳೂರಿಗೆ ಅದು ಹೊಂದುತ್ತದೆ. ಅಂಥ ಕಟ್ಟಡಗಳಿಲ್ಲದ ಸೊರಬಕ್ಕೆ ಅದರಿಂದ ಹುಟ್ಟುವ ಹಣ ಸೊನ್ನೆಯ ಹತ್ತಿರ. ನಿರ್ಭಯಾ ನಿಧಿಯ ಸುರಕ್ಷಿತ ನಗರ ಯೋಜನೆಯೂ ದೇಶದ ಎಂಟು ಮಹಾನಗರಗಳಿಗೆ ಸೀಮಿತವಾಗಿ, ರಾಜ್ಯದಲ್ಲಿ ಬೆಂಗಳೂರಿಗಷ್ಟೇ ದಕ್ಕಿತು. 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಇನ್ನೂ ಸುಲಭದ ದಾರಿ ಹಿಡಿಯಿತು: ಒಮ್ಮೆಗೆ ನೂರು ಅಥವಾ ದಿನಕ್ಕೆ ಐನೂರು ಜನ ಸೇರುವ ಜಾಗಗಳ ಒಡೆಯರೇ ಸಿಸಿ ಕ್ಯಾಮೆರಾ ಹಾಕಿಸಿ, ಮೂವತ್ತು ದಿನದ ದೃಶ್ಯ ಕಾದಿಡಬೇಕು. ತೆರಿಗೆ ಎನ್ನದೆ ತೆರಿಗೆಯ ಹೊರೆಯನ್ನು ಅಂಗಡಿಯವನ, ಆಸ್ಪತ್ರೆಯವನ ತಲೆಗೆ ಕಟ್ಟುವ ಜಾಣತನ ಇದು.

ಈ ಎರಡು ಊರುಗಳಿಗೆ ಇನ್ನೊಂದು ದಾರಿ ಇತ್ತು: ಪ್ರಭಾವ. ಸೊರಬ ತಾಲ್ಲೂಕಿನ ಕುಬಟೂರಿನ ಎಸ್. ಬಂಗಾರಪ್ಪ 1990ರಿಂದ 1992ರವರೆಗೆ ಮುಖ್ಯಮಂತ್ರಿ. ಬಿ. ಎಸ್. ಯಡಿಯೂರಪ್ಪ ಎಪ್ಪತ್ತರ ದಶಕದಲ್ಲಿ ಶಿಕಾರಿಪುರ ಪುರಸಭೆಯ ಸದಸ್ಯರಾಗಿ ಸಾರ್ವಜನಿಕ ಜೀವನ ಶುರುಮಾಡಿ ಮುಖ್ಯಮಂತ್ರಿಯಾದವರು. ಊರಿನವರೇ ವಿಧಾನಸೌಧದ ಮೂರನೆಯ ಮಹಡಿಯಲ್ಲಿ ಕೂತಿದ್ದಾಗ ಊರಿಗೆ ಹಣ ಬರುವುದು ಸಹಜ. ಆದರೆ ಆ ಹಣ ಕಟ್ಟಡವಾಗಿ ಬರುತ್ತದೆ. ಠಾಣೆಯ ಡೀಸೆಲ್ಲಾಗಿ, ಬೀದಿದೀಪದ ಬಿಲ್ಲಾಗಿ, ಖಾಲಿ ಹುದ್ದೆಯ ಸಂಬಳವಾಗಿ ವರ್ಷವರ್ಷ ಬರುವುದಿಲ್ಲ.

ಹಾಗಿದ್ದರೆ ಅಮೆರಿಕದವರು ಸುಖವಾಗಿದ್ದಾರೆಯೇ? ಕ್ಯಾಲಿಫೋರ್ನಿಯಾದಲ್ಲಿ ಮತದಾರರು ಒಪ್ಪಿದ 1978ರ 13ನೆಯ ಪ್ರಸ್ತಾಪ ಆಸ್ತಿ ತೆರಿಗೆಗೆ ಶೇ 1ರ ಮಿತಿ ಹಾಕಿದ ಮೇಲೆ ಸ್ಥಳೀಯ ಆಡಳಿತಗಳು ಮಾರಾಟ ತೆರಿಗೆಯ ಕಡೆ ವಾಲಿದವು. 1993ರ 172ನೆಯ ಪ್ರಸ್ತಾಪ ಡಾಲರಿಗೆ ಅರ್ಧ ಸೆಂಟನ್ನು ಸುರಕ್ಷತೆಗೆ ಮೀಸಲಿಟ್ಟಿತು. ಅದೇ ಹೊತ್ತಿನಲ್ಲಿ ರಾಜ್ಯ ಸ್ಥಳೀಯ ಆಡಳಿತಗಳ ಆಸ್ತಿ ತೆರಿಗೆಯ ಪಾಲನ್ನು ಶಾಲೆಗಳ ಕಡೆ ತಿರುಗಿಸಿಕೊಂಡಿತ್ತೆಂಬುದನ್ನು ಸೇರಿಸಿ ನೋಡಿದರೆ, ಹೊಸ ಹಣದಲ್ಲಿ ಬಹುಪಾಲು ಹಳೆಯ ಹಣದ ಜಾಗ ತುಂಬಿತು. 2012ರಲ್ಲಿ ದಿವಾಳಿ ಅರ್ಜಿ ಹಾಕಿದ ಸ್ಟಾಕ್ಟನ್ ನಗರ 2013ರಲ್ಲಿ ಮುಕ್ಕಾಲು ಸೆಂಟಿನ ತೆರಿಗೆಗೆ ಮತದಾರರ ಒಪ್ಪಿಗೆ ಪಡೆಯಿತು. ಪೊಲೀಸರ ನೇಮಕದ ಜೊತೆಗೆ ದಿವಾಳಿಯಿಂದ ಹೊರಬರುವ ಖರ್ಚೂ ಅದರಿಂದಲೇ. ಮಿಸೌರಿಯ ಫರ್ಗ್ಯುಸನ್ ಊರಿನಲ್ಲಿ ಪೊಲೀಸರು ದಂಡದ ವರಮಾನಕ್ಕಾಗಿ ಜನರನ್ನು ಹಿಡಿಯುತ್ತಿದ್ದರೆಂದು ಅಮೆರಿಕದ ನ್ಯಾಯ ಇಲಾಖೆ 2015ರಲ್ಲಿ ವರದಿ ಮಾಡಿತು. ಕಾಯುವವನ ಸಂಬಳ ಅವನ ವಸೂಲಿಯ ಮೇಲೆ ನಿಂತರೆ ಕಾವಲು ಯಾವ ರೂಪ ತಾಳುತ್ತದೆ ಎಂಬುದಕ್ಕೆ ಇದು ಎಚ್ಚರಿಕೆ. ಆದರೂ ಅಲ್ಲಿಂದ ಕಲಿಯಬೇಕಾದದ್ದು ಒಂದಿದೆ: ಯಾವ ಕೆಲಸಕ್ಕೆ ಎಷ್ಟು ಎಂದು ಹೇಳಿ, ಜನರ ಒಪ್ಪಿಗೆ ಕೇಳಿ, ಲೆಕ್ಕ ಮುಂದಿಡುವುದು.

ಊರಿನ ವ್ಯಾಪಾರಕ್ಕೆ ತಕ್ಕಷ್ಟು ಸುರಕ್ಷತೆ ಎಂಬ ತತ್ವವೇ ತಪ್ಪೆಂದು ತೋರಿಸುವ ಉದಾಹರಣೆ ಸೊರಬದ್ದು. 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಗೆ ವೈದ್ಯಶಾಸ್ತ್ರದಲ್ಲಿ ಹೆಸರು ಕೊಟ್ಟ ಕ್ಯಾಸನೂರು ಕಾಡು ಸೊರಬ ತಾಲ್ಲೂಕಿನದು. ಕಾಡಿನಲ್ಲಿ ಮಂಗ ಸತ್ತರೆ ಸುತ್ತ ಉಣುಗು ನಿವಾರಕ ಹಾಕಬೇಕು, ರಕ್ತದ ಮಾದರಿ ಶಿವಮೊಗ್ಗದ ಪ್ರಯೋಗಾಲಯಕ್ಕೆ ಹೋಗಬೇಕು, ಸೊಪ್ಪು ಸೌದೆಗೆ ಹೋಗುವವರಿಗೆ ಎಚ್ಚರಿಕೆ ತಲುಪಬೇಕು. ಅಂಗಡಿ ಕಡಿಮೆ ಇರುವ ಕಡೆಯೇ ಅಪಾಯ ಹೆಚ್ಚು. ಹಾಗೆಯೇ 2023ರ ಮಾರ್ಚ್‌ನಲ್ಲಿ ಒಳಮೀಸಲಾತಿ ವಿರೋಧಿಸಿ ಬಂಜಾರ ಸಮುದಾಯದವರ ಪ್ರತಿಭಟನೆ ಶಿಕಾರಿಪುರದಲ್ಲಿ ಕಲ್ಲುತೂರಾಟಕ್ಕೆ ತಿರುಗಿದಾಗ ನಿಷೇಧಾಜ್ಞೆ ಹೇರಿ, ಹೆಚ್ಚಿನ ಪೊಲೀಸರನ್ನು ತರಬೇಕಾಯಿತು. ಅಂಥ ದಿನಕ್ಕೆ ಬೇಕಾಗುವಷ್ಟು ಬಲವನ್ನು ಯಾವ ಪುರಸಭೆಯೂ ವರ್ಷವಿಡೀ ಸಾಕಲಾರದು. ಪೊಲೀಸು ರಾಜ್ಯದ ಕೈಯಲ್ಲೇ ಇರಲಿ ಎನ್ನುವವರ ಮಾತು ಈ ಮಟ್ಟಿಗೆ ಸರಿ. ಊರಿಗೆ ಬರಬೇಕಾದದ್ದು ಬೆಂಕಿ, ಬೆಳಕು, ರಸ್ತೆ, ನೆರೆ, ರೋಗದ ಮುನ್ನೆಚ್ಚರಿಕೆಯ ಹಣ.

ಮೀಸಲು ನಿಧಿಗೆ ಕಾವಲು ಯಾರು ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಆಸ್ತಿ ತೆರಿಗೆಯ ಮೇಲೆ ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3 ಎಂದು ಸೆಸ್ ಈಗಲೂ ಇದೆ. ಬೆಂಗಳೂರಿನಲ್ಲಿ ಜನರಿಂದ ಎತ್ತಿದ ಗ್ರಂಥಾಲಯ ಸೆಸ್ ನೂರಾರು ಕೋಟಿಯಷ್ಟು ಗ್ರಂಥಾಲಯ ಇಲಾಖೆಗೆ ತಲುಪದೆ ಬಾಕಿ ಉಳಿದದ್ದು ಎಲ್ಲರಿಗೂ ಗೊತ್ತು. ಸುರಕ್ಷತಾ ಸೆಸ್ಸಿಗೂ ಅದೇ ಗತಿಯಾಗದೇ? ಆದೀತು, ವಸೂಲಿ ಮಾಡುವವನೂ ಬೇರೆಯವರಿಗೆ ಕೊಡಬೇಕಾದವನೂ ಒಬ್ಬನೇ ಆದರೆ. ರಾಜ್ಯ ಜಿಎಸ್‌ಟಿಯ ಗೊತ್ತಾದ ಶೇಕಡಾವಾರನ್ನು ಮಹಾರಾಷ್ಟ್ರದಂತೆ ಕಾಯ್ದೆಯಲ್ಲೇ ಬರೆದು, ತಿಂಗಳಿಗಿಷ್ಟು ಎಂದು ನೇರ ಖಾತೆಗೆ ಹಾಕಿದರೆ ನಡುವೆ ತಡೆಯುವ ಕೈಗಳು ಕಡಿಮೆ. ಹಳೆಯ ಅನುದಾನವನ್ನು ಅಷ್ಟರಮಟ್ಟಿಗೆ ಕಡಿದುಬಿಡುವ ಕ್ಯಾಲಿಫೋರ್ನಿಯಾದ ಕೈಚಳಕ ಇಲ್ಲಿ ನಡೆಯದಂತೆ, ಹಿಂದಿನ ಅನುದಾನದ ಮಟ್ಟವನ್ನೂ ಅದೇ ಕಾಯ್ದೆ ಹೆಸರಿಸಬೇಕು. ಆಸ್ತಿ ತೆರಿಗೆಯನ್ನೇ ಏರಿಸಿದರಾಯಿತಲ್ಲ ಎನ್ನುವವರಿಗೆ ಉತ್ತರ ಸುಲಭ: ಪಟ್ಟಣದ ಮನೆಯೊಡೆಯ ಕಟ್ಟುವ ತೆರಿಗೆಯಿಂದ ಹಳ್ಳಿಯ ಬಣವೆಯ ಬೆಂಕಿ ಆರಿಸಬೇಕೆಂದು ಕೇಳುವುದು ನ್ಯಾಯವಲ್ಲ. ಜಿಎಸ್‌ಟಿಯನ್ನಾದರೆ ಹಳ್ಳಿಯವನೂ ಪಟ್ಟಣದವನೂ ಕಟ್ಟಿರುತ್ತಾರೆ.

ಹಂಚಿಕೆಯ ಸೂತ್ರ ಮಾರಾಟದ ಜಾಗವನ್ನು ಹಿಡಿಯಬಾರದು, ಹಿಡಿಯಲೂ ಆಗದು. ಜಿಎಸ್‌ಟಿಯ ಲೆಕ್ಕ ರಾಜ್ಯವನ್ನು ಗುರುತಿಸುತ್ತದೆ, ಪುರಸಭೆಯನ್ನಲ್ಲ. ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಕಡಿಮೆ ಸರಕು ಮಾರುವವರು ಸಾಮಾನ್ಯವಾಗಿ ಅದರ ನೋಂದಣಿಯಿಂದಲೇ ಹೊರಗೆ, ಮತ್ತು ಸಣ್ಣ ಪಟ್ಟಣದ ಅಂಗಡಿಗಳಲ್ಲಿ ಬಹಳಷ್ಟು ಇದೇ ಗುಂಪಿನವು. ಸೊರಬದವರು ಸಾಗರದಲ್ಲಿ ಕೊಂಡ ಟಿವಿಯ ತೆರಿಗೆ ಯಾವ ಊರಿನದೆಂದು ಜಗಳ ಹೂಡುವುದಕ್ಕಿಂತ, ಠಾಣೆಯೊಂದು ಕಾಯಬೇಕಾದ ತಾಲ್ಲೂಕಿನ ಜನಸಂಖ್ಯೆ, ಅದರ ವಾಹನ ತಲುಪಬೇಕಾದ ದೂರ, ಕಾಡಂಚಿನ ಊರುಗಳ ಸಂಖ್ಯೆ ಈ ಮೂರನ್ನು ಹಿಡಿದು ಹಂಚುವುದು ಸಾಧ್ಯ. 1994ರಲ್ಲಿ ಮೊದಲು ರಚನೆಯಾದ ರಾಜ್ಯ ಹಣಕಾಸು ಆಯೋಗದಂಥ ಸಂಸ್ಥೆ ಇರುವುದೇ ಇಂಥ ಸೂತ್ರ ಬರೆಯಲು. ಆ ಸೂತ್ರದಲ್ಲಿ ಸೊರಬದ ಪಾಲು ಅದರ ಅಂಗಡಿ ಸಾಲು ತೋರಿಸುವುದಕ್ಕಿಂತ ದೊಡ್ಡದಾಗಿರುತ್ತದೆ. ಶಿಕಾರಿಪುರದ ವರ್ತಕರು ಅದನ್ನು ಪ್ರಶ್ನಿಸಿಯಾರು, ಪ್ರಶ್ನಿಸಲಿ. ಅಗ್ನಿಶಾಮಕ ಸೇವೆಯನ್ನು ಕಡತದಲ್ಲಿ ಹದಿನೆಂಟನೆಯ ಕೆಲಸವಾಗಿ ಪುರಸಭೆಗೆ ಒಪ್ಪಿಸುವುದೋ, ತಾಲ್ಲೂಕಿಗೊಂದು ಜಂಟಿ ಮಂಡಳಿ ಮಾಡಿ ಪಂಚಾಯಿತಿಗಳನ್ನೂ ಕೂರಿಸುವುದೋ ಎಂಬುದು ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ. ವಾಹನ ಓಡುವ ದಾರಿಯನ್ನು ನೋಡಿದರೆ ಎರಡನೆಯದೇ ಸರಿ.